ಮನೆಯೊಳಗೆ ಸೀತಾಳೆ: ಹೂ ಬಿಡಿಸುವ ಬಗೆ

ಸಂಘದ ಗೋದಾಮಿಗೆ ಗೊಬ್ಬರಕ್ಕೋ ಮೈಲುತುತ್ತಕ್ಕೋ ಬರುವ ಸದಸ್ಯರಲ್ಲಿ ಹಲವರು, ಲೆಕ್ಕದ ಕೆಲಸ ಮುಗಿದ ಮೇಲೆ, ಮನೆಯಲ್ಲಿ ಕೇಳಿಕೊಂಡು ಬರಲು ಹೇಳಿದ್ದಾರೆಂದು ಒಂದು ಪ್ರಶ್ನೆ ಕೇಳುತ್ತಾರೆ. ಬೆಂಗಳೂರಿನಿಂದಲೋ ಹಾಸನದಿಂದಲೋ ತಂದ ಆರ್ಕಿಡ್ ಗಿಡ ತಂದಾಗ ಮೈತುಂಬ ಹೂವಿತ್ತು. ಎರಡು ಮೂರು ತಿಂಗಳಲ್ಲಿ ಹೂ ಉದುರಿತು. ಅಲ್ಲಿಂದೀಚೆಗೆ ಎಲೆಯಲ್ಲದೆ ಬೇರೇನೂ ಇಲ್ಲ. ಇದಕ್ಕೆ ಯಾವ ಗೊಬ್ಬರ ಹಾಕಬೇಕು?

ಈ ಪ್ರಶ್ನೆಗೆ ಉತ್ತರ ಗೊಬ್ಬರದ ಚೀಲದಲ್ಲಿಲ್ಲ; ಕಾಫಿ ಬೆಳೆಗಾರನ ಅನುಭವದಲ್ಲಿಯೇ ಇದೆ. ನೆರಳು ಹೆಚ್ಚಾದ ಪಟ್ಟಿಯಲ್ಲಿ ಕಾಫಿಗಿಡ ಸೊಂಪಾಗಿ ಎಲೆ ಬಿಟ್ಟು ಕಾಯಿ ಕಟ್ಟದೆ ನಿಲ್ಲುವುದನ್ನು ನಾವೆಲ್ಲ ಕಂಡಿದ್ದೇವೆ. ಚಳಿಗಾಲದ ಒಣಹವೆ ಸರಿಯಾಗಿ ಸಿಗದೆ, ಅಕಾಲದಲ್ಲಿ ಸಣ್ಣ ಸಣ್ಣ ಮಳೆ ಬಿದ್ದ ವರ್ಷ ಹೂವು ಚೂರುಚೂರಾಗಿ ಅರಳುವುದನ್ನೂ ಕಂಡಿದ್ದೇವೆ. ಬೆಳಕು, ಒಣ ವಿಶ್ರಾಂತಿ, ತಂಪು ರಾತ್ರಿ, ಆಮೇಲೆ ನೀರು: ಹೂಮಳೆಗಾಗಿ ಆಕಾಶ ನೋಡುವ ನಮಗೆ ಈ ಕ್ರಮ ಹೊಸದಲ್ಲ. ಆರ್ಕಿಡ್‌ಗೆ ಬೇಕಾದುದೂ ಹೆಚ್ಚುಕಡಿಮೆ ಇದೇ. ಮನೆಯೊಳಗೆ ತಂದಿಟ್ಟ ಗಿಡಕ್ಕೆ ನಾವು ಈ ಋತುಗಳನ್ನು ತೋರಿಸುವುದಿಲ್ಲ. ಅದಕ್ಕೇ ಅದು ಹೂ ಬಿಡುವುದಿಲ್ಲ.

ನಮ್ಮ ಮರಗಳ ಮೇಲಿನ ಸಂಪತ್ತು

ಆರ್ಕಿಡ್ ಎಂದರೆ ಪರದೇಶದ ಹೂವೆಂಬ ಭಾವನೆ ಪೇಟೆಯವರಲ್ಲಿದೆ. ನಮ್ಮ ಹೆಂಗಸರಿಗೆ ಇದು ಸೀತಾಳೆ ದಂಡೆ ಎಂದು ಹಿಂದಿನಿಂದ ಪರಿಚಿತ. ಕೃತ್ತಿಕೆ, ರೋಹಿಣಿ ಮಳೆಗಳ ಹೊತ್ತಿಗೆ ಅತ್ತಿ, ಗೋಣಿ, ಹಲಸು, ನಂದಿ ಮರಗಳ ಕೊಂಬೆಯಿಂದ ನೇರಳೆ ಬೆರೆತ ಬಿಳಿಯ ದಂಡೆಗಳು ಜೋತುಬೀಳುತ್ತವೆ. ಇವುಗಳಲ್ಲಿ ನರಿಯ ಬಾಲದಂತೆ ಒತ್ತಾಗಿ ತೂಗುವುದು ರಿಂಕೋಸ್ಟೈಲಿಸ್ ರೆಟ್ಯೂಸ. ಅಸ್ಸಾಮಿನಲ್ಲಿ ಇದು ರಾಜ್ಯದ ಹೂವು; ಬಿಹು ಹಬ್ಬದಲ್ಲಿ ಅಲ್ಲಿನ ಹೆಂಗಸರು ಇದನ್ನು ಮುಡಿಯುತ್ತಾರೆ. ಇದೇ ಕಾಲದಲ್ಲಿ ಅರಳುವ ಏರೈಡಿಸ್ ಕ್ರಿಸ್ಪ ಸುವಾಸನೆಯದು. ಚಳಿಗಾಲದಿಂದ ಬೇಸಿಗೆಯವರೆಗೆ ಎಲೆ ಉದುರಿದ ಬೋಳು ದಂಟುಗಳ ಮೇಲೆ ಸಣ್ಣ ಬಿಳಿ ಹೂಗಳನ್ನು ಬಿಡುವುವು ಡೆಂಡ್ರೋಬಿಯಂ ಜಾತಿಯವು.

ನಮ್ಮ ಜಿಲ್ಲೆಯ ಸಸ್ಯಸಂಪತ್ತಿಗೆ ವಿದ್ವಾಂಸರ ಗಮನವೂ ದೊರೆತಿದೆ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಫಾದರ್ ಸೆಸಿಲ್ ಸಲ್ಡಾನ ಮತ್ತು ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಡಾನ್ ನಿಕೋಲ್ಸನ್ ಸಂಪಾದಿಸಿದ ಹಾಸನ ಜಿಲ್ಲೆಯ ಸಸ್ಯಸಂಪುಟ 1976ರಲ್ಲಿ ಹೊರಬಂತು. ಅದಕ್ಕೆ ಎರಡು ವರ್ಷ ಮೊದಲು, 1974ರಲ್ಲಿ, ಮರದ ಮೇಲೆ ಬೆಳೆಯುವ ಸಣ್ಣ ಸೀತಾಳೆಗಳ ಒಂದು ಕುಲಕ್ಕೆ ಸಲ್ಡಾನರು ಆ ಸಂಸ್ಥೆಯ ಹೆಸರನ್ನೇ ಇಟ್ಟು ‘ಸ್ಮಿತ್ಸೋನಿಯ’ ಎಂದು ಕರೆದರು. ಪಶ್ಚಿಮ ಘಟ್ಟದ ಒಂದು ಗಿಡದ ಮೂಲಕ ಆ ಹೆಸರು ಸಸ್ಯಶಾಸ್ತ್ರದಲ್ಲಿ ಉಳಿದಿದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಹೋಗಲಾಡಿಸಬೇಕು. ಮರಗಸಿಯವರು ಸೀತಾಳೆಯನ್ನು ಬಂದಳಿಕೆಯೆಂದೇ ಬಗೆದು ಕಡಿದೆಸೆಯುವುದುಂಟು. ಬಂದಳಿಕೆಯ ಬೇರು ಮರದೊಳಕ್ಕೆ ಇಳಿದು ರಸ ಹೀರುತ್ತದೆ, ಅದನ್ನು ತೆಗೆಸಬೇಕಾದ್ದೇ. ಸೀತಾಳೆಯ ಬೇರು ತೊಗಟೆಯ ಮೇಲಷ್ಟೇ ಹರಡಿ, ಮಳೆಯ ನೀರು, ಮಂಜು, ಕೊಳೆತ ಎಲೆಯ ಸತ್ವ ಇವುಗಳಿಂದ ಜೀವಿಸುತ್ತದೆ. ಮರಕ್ಕೆ ಇದರಿಂದ ನಷ್ಟವಿಲ್ಲ. ಗುರುತು ಸುಲಭ: ಕೊಂಬೆಯ ಮೇಲೆ ಬೆಳ್ಳಗಿನ ದಪ್ಪ ಬೇರುಗಳು ಹಗ್ಗದಂತೆ ಹರಿದಿದ್ದರೆ ಅದು ಸೀತಾಳೆ.

ಈ ಬೇರಿನ ರಚನೆಯನ್ನು ಅರಿತರೆ ಗಿಡ ಸಾಕುವ ಅರ್ಧ ವಿದ್ಯೆ ಬಂದಂತೆ. ಬೇರಿನ ಮೇಲಿರುವ ಬಿಳಿಯ ಪದರ ಹತ್ತಿಯಂತೆ ನೀರನ್ನು ಹೀರಿಕೊಳ್ಳುತ್ತದೆ. ಒದ್ದೆಯಾದಾಗ ಹಸಿರಾಗಿಯೂ ಒಣಗಿದಾಗ ಬೆಳ್ಳಿಯ ಬಣ್ಣವಾಗಿಯೂ ಕಾಣುತ್ತದೆ. ಒದ್ದೆಯಾಗುವುದು, ಗಾಳಿಗೆ ಆರುವುದು, ಮತ್ತೆ ಒದ್ದೆಯಾಗುವುದು ಇದರ ಸ್ವಭಾವ. ಮಣ್ಣು ತುಂಬಿದ ಕುಂಡದಲ್ಲಿ ನೆಟ್ಟರೆ ಗಾಳಿಯಿಲ್ಲದೆ ಬೇರು ಕೊಳೆಯುತ್ತದೆ.

ಬೆಳಕು ಮೊದಲು

ಮಲೆನಾಡಿನ ಹೆಂಚಿನ ಮನೆಗಳ ಸೂರು ತಗ್ಗು. ಹಜಾರದ ಮೂಲೆಯ ಮೇಜಿನ ಮೇಲೆ ಹಗಲಲ್ಲಿಯೂ ಮಬ್ಬುಗತ್ತಲು. ಅಂಥ ಕಡೆ ಆರ್ಕಿಡ್ ಸಾಯದೆ ವರ್ಷಗಟ್ಟಲೆ ಇರಬಹುದು, ಆದರೆ ಹೂ ಬಿಡುವಷ್ಟು ಶಕ್ತಿ ಕೂಡಿಸಿಕೊಳ್ಳಲಾರದು. ಹೂ ಬಿಡದ ಗಿಡಗಳ ವಿಚಾರ ಕೇಳಿದಾಗ ಹತ್ತಕ್ಕೆ ಎಂಟು ಪಾಲು ಇದೇ ಕಾರಣವೆಂದು ನಮ್ಮ ಅನುಭವ.

ಬೆಳಕನ್ನು ಅಳೆಯಲು ಉಪಕರಣ ಬೇಡ. ಮಧ್ಯಾಹ್ನ ಗಿಡದ ಮೇಲೆ ಒಂದಡಿ ಎತ್ತರದಲ್ಲಿ ಅಂಗೈ ಹಿಡಿಯಿರಿ. ಎಲೆಯ ಮೇಲೆ ನೆರಳೇ ಬೀಳದಿದ್ದರೆ ಬೆಳಕು ಸಾಲದು. ಅಂಚು ಮಸುಕಾದ ನೆರಳು ಬಿದ್ದರೆ ಫಲೆನೋಪ್ಸಿಸ್‌ಗೆ ಸರಿಯಾದ ಬೆಳಕು. ಬೆರಳುಗಳೆಲ್ಲ ಕೊರೆದಂತೆ ಸ್ಪಷ್ಟವಾಗಿ ಕಂಡರೆ ಆ ಬಿಸಿಲು ಎಲೆಯನ್ನು ಸುಡುತ್ತದೆ. ಎಲೆಯ ಬಣ್ಣವೂ ಇದನ್ನೇ ಹೇಳುತ್ತದೆ. ಕಡುಹಸಿರಾದರೆ ನೆರಳು ಹೆಚ್ಚು. ಕೊಂಚ ತಿಳಿಹಸಿರಾದರೆ ಹದ. ಹಳದಿಗೆ ತಿರುಗಿದರೆ ಬಿಸಿಲು ಹೆಚ್ಚು.

ಪೂರ್ವದ ಕಿಟಕಿ ಎಲ್ಲಕ್ಕಿಂತ ಉತ್ತಮ. ಬೆಳಗಿನ ಎಳೆಬಿಸಿಲು ಒಂದೆರಡು ಗಂಟೆ ಬಿದ್ದರೆ ತೊಂದರೆಯಿಲ್ಲ. ಪಶ್ಚಿಮದ ಕಿಟಕಿಗೆ ತೆಳು ಬಟ್ಟೆಯ ಪರದೆ ಬೇಕು. ಹಳೆಯ ಮನೆಗಳಲ್ಲಿ ಮಾಡಿನ ಸಾಲಿನಲ್ಲಿ ಒಂದೆರಡು ಗಾಜಿನ ಹೆಂಚು ಇರುತ್ತವೆ. ಅದರ ಮಸಿ ಒರೆಸಿ, ನೇರ ಕೆಳಗಲ್ಲದೆ ತುಸು ಪಕ್ಕಕ್ಕೆ ಗಿಡವನ್ನು ತೂಗುಹಾಕಿದರೆ ಖರ್ಚಿಲ್ಲದೆ ಒಳ್ಳೆಯ ಜಾಗವಾಯಿತು. ಡೆಂಡ್ರೋಬಿಯಂ, ವಾಂಡ ಮತ್ತು ನಮ್ಮ ಸೀತಾಳೆ ದಂಡೆಗಳಿಗೆ ಇನ್ನೂ ಹೆಚ್ಚು ಬೆಳಕು ಬೇಕಾದ್ದರಿಂದ ಜಗಲಿಯ ಅಂಚೇ ಸರಿ. ಹೂ ಬಿಟ್ಟ ಮೇಲೆ ಒಳಗೆ ತಂದಿಟ್ಟುಕೊಳ್ಳಬಹುದು.

ಕುಂಡ ಮತ್ತು ನೀರು

ಪೇಟೆಯಿಂದ ಬರುವ ಫಲೆನೋಪ್ಸಿಸ್ ಸಾಮಾನ್ಯವಾಗಿ ಪ್ಲಾಸ್ಟಿಕ್ ಲೋಟದಲ್ಲಿ ಒತ್ತಿ ತುಂಬಿದ ಪಾಚಿಯೊಂದಿಗೆ ಬರುತ್ತದೆ. ಒಣಹವೆಯ ಊರಿಗೆ ಅದು ಸರಿಯಿರಬಹುದು. ನಮ್ಮ ಜುಲೈ ತಿಂಗಳ ತೇವದಲ್ಲಿ ಬೇರನ್ನು ಕೊಳೆಸುತ್ತದೆ. ಹೂ ಮುಗಿದ ಮೇಲೆ, ಮುಂಗಾರಿಗೆ ಮುಂಚೆ, ಪಾಚಿ ಬಿಡಿಸಿ, ಕೊಳೆತ ಬೇರನ್ನು ಕತ್ತರಿಸಿ, ಪಕ್ಕದಲ್ಲಿ ತೂತುಗಳಿರುವ ಮಣ್ಣಿನ ಕುಂಡಕ್ಕೆ ಬದಲಾಯಿಸಬೇಕು. ಇದ್ದಲಿನ ತುಂಡು ಎರಡು ಪಾಲು, ಇಟ್ಟಿಗೆ ಅಥವಾ ಹೆಂಚಿನ ಚೂರು ಒಂದು ಪಾಲು, ತೆಂಗಿನ ಮಟ್ಟೆಯ ತುಂಡು ಒಂದು ಪಾಲು ಸಾಕು. ಮಟ್ಟೆಯನ್ನು ಕೆಲವು ದಿನ ನೀರಿನಲ್ಲಿ ನೆನೆಹಾಕಿ, ಕೆಂಪುನೀರು ಚೆಲ್ಲಿ ಬಳಸಬೇಕು. ಎರಡು ವರ್ಷಕ್ಕೊಮ್ಮೆ ಮಟ್ಟೆ ಪುಡಿಯಾದಾಗ ಇದೆಲ್ಲವನ್ನೂ ಬದಲಿಸಬೇಕು.

ನೀರು ಹಾಕುವುದು ಬೆಳಗಿನ ಹೊತ್ತು. ಬೇರು ಬೆಳ್ಳಿಬಣ್ಣಕ್ಕೆ ಬಂದ ಮೇಲೆ ಕುಂಡದಿಂದ ಹರಿದುಹೋಗುವಷ್ಟು ಹಾಕಿ, ಮತ್ತೆ ಆ ಬಣ್ಣ ಬರುವವರೆಗೆ ಮುಟ್ಟಬಾರದು. ಬೇಸಿಗೆಯಲ್ಲಿ ಇದು ವಾರಕ್ಕೆ ಎರಡು ಮೂರು ಸಲವಾದರೆ, ಆಷಾಢದ ಜಡಿಮಳೆಯಲ್ಲಿ ಹತ್ತು ದಿನಕ್ಕೊಮ್ಮೆಯೂ ಬೇಕಾಗದೆ ಹೋಗಬಹುದು. ಹಾನುಬಾಳು, ಹೆತ್ತೂರು ಕಡೆಯ ಹವೆಗೂ ಆಲೂರಿನ ಪಾಳ್ಯ, ಮಗ್ಗೆ ಕಡೆಯ ಹವೆಗೂ ವ್ಯತ್ಯಾಸವಿರುವುದರಿಂದ ದಿನಗಳ ಲೆಕ್ಕಕ್ಕಿಂತ ಬೇರಿನ ಬಣ್ಣವನ್ನೇ ನಂಬುವುದು ಹಿತ. ಫಲೆನೋಪ್ಸಿಸ್‌ನ ಸುಳಿಯಲ್ಲಿ ನೀರು ನಿಂತರೆ ಬಟ್ಟೆಯ ತುದಿಯಿಂದ ಹೀರಿಸಿ ತೆಗೆಯಬೇಕು. ಸುಳಿ ಕೊಳೆತರೆ ಅಡಕೆಗಿಡ ಹೋದಂತೆ ಇದೂ ಹೋಯಿತೆಂದೇ ಲೆಕ್ಕ.

ಗೊಬ್ಬರ ಸ್ವಲ್ಪವೇ ಸಾಕು. ನೀರಿನಲ್ಲಿ ಕರಗುವ 19:19:19 ಗೊಬ್ಬರವನ್ನು ಲೀಟರಿಗೆ ಅರ್ಧದಿಂದ ಒಂದು ಗ್ರಾಂ ಮೀರದಂತೆ ಕದಡಿ, ಹೊಸ ಎಲೆ ಮತ್ತು ಬೇರು ಬೆಳೆಯುವ ಕಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಕೊಡಬಹುದು. ನಡುವೆ ಬರಿಯ ನೀರು ಹಾಕಿ ಉಪ್ಪಿನಂಶವನ್ನು ತೊಳೆಯಬೇಕು. ಯೂರಿಯಾ ಹೆಚ್ಚಾದ ಗಿಡ ಎಲೆಯಲ್ಲೇ ಸೊಕ್ಕುವುದನ್ನು ಬೆಳೆಗಾರರಿಗೆ ಹೇಳಿಕೊಡಬೇಕಾಗಿಲ್ಲ.

ಋತುವನ್ನು ತೋರಿಸುವುದು

ಬೆಳಕು, ಬೇರು ಎರಡೂ ಸರಿಯಿದ್ದರೆ ಹೂ ಬಿಡಿಸುವುದು ಕಷ್ಟವಲ್ಲ. ಆದರೆ ಜಾತಿಗೊಂದು ರೀತಿ ಎಂಬುದನ್ನು ಮರೆಯಬಾರದು.

ಫಲೆನೋಪ್ಸಿಸ್‌ಗೆ ಸೂಚನೆ ಕೊಡುವುದು ತಂಪು. ಕೆಲವು ವಾರಗಳ ಕಾಲ ಹಗಲು ಸುಮಾರು 25 ಡಿಗ್ರಿಯ ಒಳಗೂ ರಾತ್ರಿ 15ರಿಂದ 18 ಡಿಗ್ರಿಯ ಸುಮಾರಿಗೂ ಇದ್ದರೆ ಎಲೆಯ ಬುಡದಿಂದ ಹೂಕಡ್ಡಿ ಹೊರಡುತ್ತದೆ. ಪರದೇಶಗಳಲ್ಲಿ ಇದಕ್ಕಾಗಿ ಯಂತ್ರವಿಟ್ಟು ಮನೆ ತಣ್ಣಗೆ ಮಾಡುತ್ತಾರೆ. ನಮಗೆ ಕಾರ್ತೀಕ ಮಾಸದಿಂದ ಪುಷ್ಯದವರೆಗೆ ಈ ತಂಪು ಬಿಟ್ಟಿಯಾಗಿ ಸಿಗುತ್ತದೆ. ಗಿಡವನ್ನು ಅಡಿಗೆಮನೆಯ ಬೆಚ್ಚಗಿನ ಗೋಡೆಯಿಂದ ದೂರ ಮಾಡಿ, ರಾತ್ರಿ ತೆರೆದಿರುವ ಕಿಟಕಿಯ ಬಳಿ ಇಟ್ಟರಾಯಿತು. ಕಡ್ಡಿ ಕಂಡ ಮೇಲೆ ಹೂ ಅರಳಲು ಸುಮಾರು ಮೂರು ತಿಂಗಳು ಬೇಕು. ಆ ಅವಧಿಯಲ್ಲಿ ಕುಂಡವನ್ನು ಅತ್ತಿತ್ತ ತಿರುಗಿಸಬಾರದು. ಕಡ್ಡಿ ಬೆಳಕನ್ನು ಹುಡುಕಿ ಸೊಟ್ಟಗಾಗುತ್ತದೆ. ಹೂ ಉದುರಿದ ಮೇಲೆ ಗಿಡ ಬಲವಾಗಿದ್ದರೆ ಕಡ್ಡಿಯನ್ನು ಬುಡದಿಂದ ಎರಡು ಮೂರು ಗಿಣ್ಣು ಬಿಟ್ಟು ಕತ್ತರಿಸಿದಲ್ಲಿ ಕೆಲವೊಮ್ಮೆ ಅಲ್ಲಿಂದಲೇ ಕವಲೊಡೆದು ಮತ್ತೆ ಹೂ ಬರುತ್ತದೆ. ಗಿಡ ಸೊರಗಿದ್ದರೆ ಬುಡಕ್ಕೇ ಕತ್ತರಿಸಿ ವಿಶ್ರಾಂತಿ ಕೊಡುವುದು ಮೇಲು.

ಕಾಡಿನ ಡೆಂಡ್ರೋಬಿಯಂಗಳಿಗೆ ಬೇಕಾದುದು ಒಣಗುವಿಕೆ. ಮಳೆಗಾಲದಲ್ಲಿ ದಂಟು ಬೆಳೆಸಿಕೊಂಡು, ಹಿಂಗಾರು ಮುಗಿದ ಮೇಲೆ ಅವು ಎಲೆ ಉದುರಿಸುತ್ತವೆ. ಇಲ್ಲಿಯೇ ಬಹಳ ಮನೆಗಳಲ್ಲಿ ಗಿಡ ಹಾಳಾಗುವುದು. ಸತ್ತಿತೆಂದು ಎಸೆಯುವವರು ಕೆಲವರು; ಬದುಕಿಸಲು ದಿನಾ ನೀರು ಹಾಕುವವರು ಕೆಲವರು. ನೀರು ಹೆಚ್ಚಾದರೆ ಹೂಮೊಗ್ಗಿನ ಜಾಗದಲ್ಲಿ ಮರಿಗಿಡ ಹೊರಡುವುದುಂಟು. ದಂಟು ಗಟ್ಟಿಯಾಗಿದ್ದರೆ ಗಿಡ ಜೀವಂತವಾಗಿದೆ ಎಂದು ತಿಳಿದು, ಬೆಳಗಿನ ಇಬ್ಬನಿಯಷ್ಟು ನೀರು ಚಿಮುಕಿಸಿ, ಗೊಬ್ಬರ ನಿಲ್ಲಿಸಿ, ಹೆಚ್ಚು ಬೆಳಕಿಗೆ ತೂಗುಹಾಕಿ ಕಾಯಬೇಕು. ದಂಟು ತೀರಾ ಸುಕ್ಕುಗಟ್ಟಿದರೆ ಮಾತ್ರ ಸ್ವಲ್ಪ ನೀರು. ಪೇಟೆಯ ಮಿಶ್ರತಳಿಯ ಡೆಂಡ್ರೋಬಿಯಂಗಳಲ್ಲಿ ಎಲೆ ಉದುರದವು ಹೆಚ್ಚು. ಅವಕ್ಕೆ ಇಷ್ಟು ಕಠಿಣ ಉಪವಾಸ ಬೇಡ, ನೀರು ಕಡಿಮೆ ಮಾಡಿದರೆ ಸಾಕು.

ಆಗ್ನೇಯ ಏಷ್ಯಾದ ಡೆಂಡ್ರೋಬಿಯಂ ಕ್ರುಮೆನೇಟಂ ಎಂಬ ಸೀತಾಳೆಯ ಕಥೆ ಕಾಫಿಯವರಿಗೆ ರುಚಿಸೀತು. ಗುಡುಗುಮಳೆ ಬಂದು ಹವೆ ಒಮ್ಮೆಗೇ ಐದಾರು ಡಿಗ್ರಿ ತಣ್ಣಗಾದರೆ, ಅಂದಿನಿಂದ ಒಂಬತ್ತನೆಯ ದಿನ ಆ ಸುತ್ತಿನ ಗಿಡಗಳೆಲ್ಲ ಒಟ್ಟಿಗೆ ಅರಳುತ್ತವೆ. ರೇವತಿ ಮಳೆ ಒಂದಿಂಚು ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುವುದನ್ನು ಕಂಡವರಿಗೆ ಇದನ್ನು ನಂಬಲು ಕಷ್ಟವಾಗದು.

ಸೀತಾಳೆ ದಂಡೆಗೆ ಚಳಿಗಾಲದಲ್ಲಿ ನೀರು ಕಡಿಮೆ, ಬೆಳಕು ಯಥೇಚ್ಛ. ಮಾರ್ಚಿಯಲ್ಲಿ ಬೇರಿನ ತುದಿ ಹಸಿರಾದೊಡನೆ ನೀರು ಹೆಚ್ಚಿಸಬೇಕು. ಹೊಸ ಜಾಗಕ್ಕೆ ತಂದ ಗಿಡ ಬೇರು ಬಿಟ್ಟು ನೆಲೆಯೂರುವವರೆಗೆ ಒಂದೆರಡು ವರ್ಷ ಹೂ ಬಿಡದಿರಬಹುದು. ಅದಕ್ಕಾಗಿ ಜಾಗ ಬದಲಿಸುತ್ತ ಹೋಗಬಾರದು. ನಮ್ಮಲ್ಲಿ ವೆನಿಲ್ಲಾ ಬೆಳೆದವರಿಗೆ ಈ ತಾಳ್ಮೆಯ ಅಭ್ಯಾಸವಿದೆ; ವೆನಿಲ್ಲಾ ಬಳ್ಳಿಯೂ ಇದೇ ಕುಟುಂಬದ್ದು. ಹೂ ಬರಲೆಂದು ಬಳ್ಳಿಯ ತುದಿ ಚಿವುಟಿ, ಒಣಗಲು ಬಿಟ್ಟದ್ದು ನೆನಪಿರಬಹುದು. ಅದರ ಬೆಲೆ 2003ರ ಸುಮಾರಿಗೆ ಏರಿದ್ದು, ಆಮೇಲೆ ಇಳಿದದ್ದು ಬೇರೆ ಮಾತು.

ಮೊಗ್ಗು ಉದುರದಂತೆ

ಮೊಗ್ಗು ಕಟ್ಟಿ ಅರಳದೆ ಉದುರಿದರೆ ಮೊದಲು ಮನೆಯಲ್ಲಿ ಬಾಳೆಗೊನೆ ಎಲ್ಲಿ ತೂಗಿದೆ ಎಂದು ನೋಡಿ. ಹಣ್ಣಾಗುವ ಬಾಳೆಯಿಂದ ಹೊರಡುವ ಎಥಿಲೀನ್ ಅನಿಲ ಆರ್ಕಿಡ್‌ನ ಮೊಗ್ಗು ಮತ್ತು ಹೂವನ್ನು ಬಾಡಿಸುತ್ತದೆ. ಸೌದೆಯ ಹೊಗೆಯಲ್ಲಿಯೂ ಈ ಅನಿಲವಿದೆ. ಆದ್ದರಿಂದ ಒಲೆಯ ಮನೆ, ಹಣ್ಣಿನ ಕೋಣೆ ಎರಡೂ ಬೇಡ.

ಮಳೆಗಾಲದಲ್ಲಿ ಬಸವನಹುಳು ಮತ್ತು ಗೊಂಡೆಹುಳುಗಳು ಬೇರಿನ ತುದಿಯನ್ನೂ ಎಳೆಯ ಮೊಗ್ಗನ್ನೂ ತಿನ್ನುತ್ತವೆ. ರಾತ್ರಿ ಬ್ಯಾಟರಿ ಹಿಡಿದು ಆರಿಸುವುದೇ ಸರಿಯಾದ ಮದ್ದು. ಹಿಟ್ಟುತಿಗಣೆ ಕಂಡರೆ ಸಾಬೂನುನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಬರಿಯ ನೀರಿನಲ್ಲಿ ತೊಳೆಯಬೇಕು. ಅಡಕೆಗೆ ಹೊಡೆದು ಉಳಿದ ಬೋರ್ಡೋ ದ್ರಾವಣವನ್ನು ಜಗಲಿಯ ಗಿಡಗಳಿಗೂ ಹೊಡೆಯುವ ಅಭ್ಯಾಸವನ್ನು ಬಿಡಬೇಕು. ತಾಮ್ರದ ಔಷಧಿ ಡೆಂಡ್ರೋಬಿಯಂನಂಥ ಸೀತಾಳೆಗಳನ್ನು ಸುಡಬಲ್ಲದು.

ಕಾಡಿನಿಂದ ಕೀಳಬಾರದು

ಹೂ ಬಿಡಿಸುವ ವಿದ್ಯೆ ತಿಳಿದೊಡನೆ ಕಾಡಿನ ಕಡೆ ಕಣ್ಣು ಹೋಗುವುದು ಸಹಜ. ಬಿಸಿಲೆ ಕಡೆಯ ಕಾಡಿನಿಂದ ಗಿಡ ಕಿತ್ತುಕೊಡುತ್ತೇವೆನ್ನುವವರೂ, ತೋಟದ ಗಿಡಕ್ಕೆ ಇಷ್ಟು ಕೊಡುತ್ತೇವೆನ್ನುವ ವ್ಯಾಪಾರಿಗಳೂ ಬರುವುದುಂಟು. ಸದಸ್ಯರು ಇದಕ್ಕೆ ಒಪ್ಪಕೂಡದು. ಮೀಸಲು ಅರಣ್ಯದಿಂದ ಗಿಡ ತೆಗೆಯುವುದು ಅಪರಾಧ. ಆರ್ಕಿಡ್ ಕುಟುಂಬದ ಎಲ್ಲ ಗಿಡಗಳೂ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣ ಪಟ್ಟಿಯಲ್ಲಿವೆ.

ಕಾನೂನಿಗಿಂತ ದೊಡ್ಡ ಕಾರಣ ಗಿಡದ ಹುಟ್ಟಿನಲ್ಲಿದೆ. ಸೀತಾಳೆಯ ಒಂದು ಕಾಯಿಯಲ್ಲಿ ಧೂಳಿನಂಥ ಬೀಜಗಳು ಲೆಕ್ಕವಿಲ್ಲದಷ್ಟಿದ್ದರೂ ಬೀಜದಲ್ಲಿ ಆಹಾರದ ಬುತ್ತಿ ಇಲ್ಲ. ತೊಗಟೆಯಲ್ಲಿ ಅದಕ್ಕೆ ಒಗ್ಗುವ ಶಿಲೀಂಧ್ರದ ಆಸರೆ ಸಿಕ್ಕಿದರಷ್ಟೇ ಮೊಳಕೆ. ಆಮೇಲೂ ಹೂ ಬಿಡಲು ಹಲವು ವರ್ಷ. ಅಮೆರಿಕದ ಲೂಯಿಸ್ ನಡ್ಸನ್ 1922ರಲ್ಲಿ ಸಕ್ಕರೆ ಬೆರೆಸಿದ ಮಾಧ್ಯಮದ ಮೇಲೆ ಶಿಲೀಂಧ್ರವಿಲ್ಲದೆ ಬೀಜ ಮೊಳೆಸಿ ತೋರಿಸಿದರು. ಫ್ರಾನ್ಸಿನ ಜಾರ್ಜ್ ಮೊರೆಲ್ 1960ರಲ್ಲಿ ಕುಡಿಯ ತುಣುಕಿನಿಂದ ಗಿಡ ಮಾಡುವ ದಾರಿ ತೋರಿಸಿದರು. ಪೇಟೆಯ ಫಲೆನೋಪ್ಸಿಸ್ ಇಂದು ಕೆಲವು ನೂರು ರೂಪಾಯಿಗೆ ಸಿಗುವುದು ಇಂಥ ಪ್ರಯೋಗಶಾಲೆಯ ಕೆಲಸದಿಂದ. ಮನೆಯೊಳಗೆ ಇಡಲು ಅವು ಧಾರಾಳವಾಗಿ ಸಾಕು. ನಮ್ಮ ಹಲಸಿನ ಕೊಂಬೆಯ ದಂಡೆಯನ್ನು ಯಾವ ಪ್ರಯೋಗಶಾಲೆಯೂ ನಮಗೆ ಮಾಡಿಕೊಡುತ್ತಿಲ್ಲ.

ಹಾಗಿದ್ದರೂ ಪ್ರತಿ ವರ್ಷ ಸೀತಾಳೆ ನಮ್ಮ ಕೈಯಿಂದಲೇ ನಾಶವಾಗುತ್ತಿದೆ. ಮುಂಗಾರಿಗೆ ಮುಂಚೆ ಮರಗಸಿ ಮಾಡಿಸಿದಾಗ ಕೊಂಬೆಯೊಡನೆ ಗಿಡಗಳೂ ಬೀಳುತ್ತವೆ. ಸೌದೆಯ ರಾಶಿಗೆ ಸೇರಿ ಒಲೆಗೆ ಹೋಗುತ್ತವೆ. ಹಳೆಯ ಕಾಡುಮರ ತೆಗೆದು ಸಿಲ್ವರ್ ಓಕ್ ಹಾಕಿಸಿದ ತೋಟಗಳಲ್ಲಿ ಆ ನೆಟ್ಟನೆಯ ಕಾಂಡಗಳ ಮೇಲೆ ಸೀತಾಳೆ ನಮ್ಮ ಕಣ್ಣಿಗೆ ಬಿದ್ದದ್ದು ತೀರಾ ಅಪರೂಪ. ಮೆಣಸಿನ ಬಳ್ಳಿಗೆ ಸಿಲ್ವರ್ ಓಕ್ ಅನುಕೂಲವೆಂಬುದು ನಿಜ. ಆದರೂ ತೋಟದ ಅಂಚಿನಲ್ಲಿ, ಹಳ್ಳದ ಬದಿಯಲ್ಲಿ ನಾಲ್ಕಾರು ಅತ್ತಿ, ಬಸರಿ, ನಂದಿ ಮರಗಳನ್ನು ಉಳಿಸಿಕೊಂಡರೆ ಯಾವ ಬೆಳೆಗಾರನೂ ಬಡವನಾಗುವುದಿಲ್ಲ.

ಬಿದ್ದ ಗಿಡವನ್ನು ಕೊಂಬೆಯಿಂದ ಕಿತ್ತೆಳೆಯಬೇಡಿ. ಗರಗಸದಿಂದ ಆ ಕೊಂಬೆಯನ್ನೇ ಒಂದೆರಡು ಅಡಿ ತುಂಡುಮಾಡಿ ಬೇರುಸಹಿತ ತೆಗೆದಿಡಿ. ಒಂದು ತುಂಡನ್ನು ಜಗಲಿಯ ಸೂರಿಗೆ ತೂಗುಹಾಕಬಹುದು. ಉಳಿದವನ್ನು ಬೇರೆ ಮರದ ಕವಲಿಗೆ, ಬೆಳಗಿನ ಬೆಳಕು ಬೀಳುವ ಮಗ್ಗುಲಲ್ಲಿ, ಬಾಳೆನಾರಿನಿಂದಲೋ ಹಳೆಯ ಹತ್ತಿಬಟ್ಟೆಯಿಂದಲೋ ಬಿಗಿಯಾಗಿ ಕಟ್ಟಿಸಿ. ಆ ಕಟ್ಟು ಕೊಳೆತು ಉದುರುವ ಹೊತ್ತಿಗೆ ಬೇರು ಮರವನ್ನು ಹಿಡಿದಿರುತ್ತದೆ. ಮುಂಗಾರಿನ ಆರಂಭ ಇದಕ್ಕೆ ಸಕಾಲ. ಮರದ ಮೇಲೆ ಕಾಯಿ ಕಟ್ಟಿದ ಒಂದೆರಡು ದಂಡೆಗಳನ್ನು ಮುಡಿಗೆ ಕೀಳದೆ ಬಲಿಯಲು ಬಿಟ್ಟರೆ ಮಿಕ್ಕ ಕೆಲಸವನ್ನು ಗಾಳಿ ನೋಡಿಕೊಳ್ಳುತ್ತದೆ.

ಈ ಸಲ ಮರಗಸಿಯವರು ಮರ ಹತ್ತುವ ಮೊದಲೇ ಮೇಸ್ತ್ರಿಯೊಡನೆ ತೋಟ ಸುತ್ತಿ, ಸೀತಾಳೆ ಇರುವ ಮರಗಳ ಬುಡಕ್ಕೆ ಸುಣ್ಣದ ಗುರುತು ಹಾಕಿಸಿ, ಯಾವ ಕೊಂಬೆ ಉಳಿಯಬೇಕೆಂದು ತೋರಿಸಿಕೊಡಿ. ಒಂದು ಬೆಳಗಿನ ಕೆಲಸ, ಒಂದು ಡಬ್ಬಿ ಸುಣ್ಣ, ಇಷ್ಟೇ ಖರ್ಚು.